ಗೆರೆಯ ಕೆಳಗಿನ ಸಂಸೆ

ಸಂಸೆಯಲ್ಲಿ ಯಾರನ್ನಾದರೂ ನಿಲ್ಲಿಸಿ ‘ಮುಳ್ಳೋಡಿಗೆ ದಾರಿ ಹೇಗೆ?’ ಎಂದು ಕೇಳಿ ನೋಡಿ. ‘ಹೀಗೇ ಮೇಲೆ ಹೋಗಿ’ ಎಂದರೆ ಮುಗಿಯಬೇಕಾದ ಮಾತು. ಮುಗಿಯುವುದಿಲ್ಲ. ಈ ದಾರಿ ಮೊದಲು ಇಲ್ಲಿರಲಿಲ್ಲ, ಆಚೆ ಮಗ್ಗುಲಲ್ಲಿತ್ತು. ಈಚೆಗೆ ತಿರುಗಿಸಿದ್ದು ಒಬ್ಬರ ಗದ್ದೆ ಉಳಿಸಲಿಕ್ಕೆ. ಆ ಗದ್ದೆಯವರ ಸೊಸೆ ಕಳಸದ ಕಡೆಯವಳು. ಅವಳ ತಮ್ಮನೇ ಈಗ ಜೀಪು ಬಿಡುವುದು, ಬೇಕಾದರೆ ಫೋನ್ ಮಾಡಿ ಕೊಡುತ್ತೇನೆ. ಆದರೆ ಅವನು ಫೋನ್ ಎತ್ತುವುದಿಲ್ಲ, ಯಾಕೆಂದರೆ... ಮುಳ್ಳೋಡಿಯಿಂದ ಕುದುರೆಮುಖ ಹತ್ತಲು ಬಂದ ಬೆಂಗಳೂರಿನ ಹುಡುಗರು ಅಷ್ಟರಲ್ಲಿ ಬೆನ್ನಿನ ಚೀಲ ಕೆಳಗಿಟ್ಟು ಕೂತಿರುತ್ತಾರೆ. 1,894 ಮೀಟರ್ ಎತ್ತರದ ಶಿಖರ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ. ವಾಕ್ಯ ಒಂದು, ಅಡಿಟಿಪ್ಪಣಿ ಏಳು. ಇದು ನಮ್ಮೂರಿನ ಲೆಕ್ಕ.

ಇಂಥ ಊರಿನವರು ಊರಿನ ಚರಿತ್ರೆ ಬರೆಯಲು ಹೊರಟರೆ ಏನಾಗಬೇಕೋ ಅದೇ ಆಯಿತು. ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಸ್ಮರಣ ಸಂಚಿಕೆ ತರೋಣ ಎಂದು ನಾಲ್ಕು ಜನ ಸೇರಿದರು. ನಿವೃತ್ತ ಮೇಷ್ಟರು ಸಂಪಾದಕರು. ತೋಟದ ರೈಟರು ಲಿಪಿಕಾರರು. ಚೆಕ್‌ರೋಲ್ ಬರೆದು ಬರೆದು ಅವರ ಅಕ್ಷರಕ್ಕೆ ಕಳಸದವರೆಗೂ ಹೆಸರಿದೆ. ಅಂಗಡಿಯವರು ಖಜಾಂಚಿ. ನಾಲ್ಕನೆಯವನು ಬೆಂಗಳೂರಿನ ಕಂಪನಿಗೆ ಸಂಸೆಯ ಅಟ್ಟದಿಂದಲೇ ಕೆಲಸ ಮಾಡುವ ಹುಡುಗ. ಅವನು ಯಾವ ಕೆಲಸ ಮಾಡುತ್ತಾನೆಂದು ಅವನ ಅಮ್ಮನಿಗೂ ಗೊತ್ತಿಲ್ಲದ್ದರಿಂದ ‘ಕಂಪ್ಯೂಟರ್ ವಿಭಾಗ’ ಎಂದು ಬರೆದುಕೊಂಡರು. ನಾನು ಯಾಕೆ ಹೋಗುತ್ತಿದ್ದೆ ಎಂದರೆ ಸಭೆಯಲ್ಲಿ ಗೋಳಿಬಜೆ ಇರುತ್ತಿತ್ತು.

ಮೇಷ್ಟರದು ಒಂದೇ ಹಟ. ‘ಆಧಾರ ಇಲ್ಲದ ಒಂದು ಅಕ್ಷರವೂ ಅಚ್ಚಾಗಕೂಡದು. ಅಡಿಟಿಪ್ಪಣಿ ಇಲ್ಲದ್ದು ಚರಿತ್ರೆಯಲ್ಲ, ಪಟ್ಟಾಂಗ.’ ಪಟ್ಟಾಂಗವೇ ಉಸಿರಾಗಿರುವ ಊರಿನಲ್ಲಿ ಎಷ್ಟು ಧೈರ್ಯದ ಮಾತು ನೋಡಿ. ರೈಟರದೂ ಒಂದೇ ಹಟ. ‘ಒಂದ್ಸಲ ಬರ್ದಿದ್ದನ್ನ ಇನ್ನೊಂದ್ಸಲ ಬರೆಸ್ಬೇಡಿ.’ ಈ ಎರಡು ಹಟ ಒಂದೇ ಕಾಗದದ ಮೇಲೆ ಸಂಸಾರ ಮಾಡುವುದು ಕಷ್ಟ. ಮೇಷ್ಟರು ಬೆಳಿಗ್ಗೆ ಎದ್ದು ಮೂರನೆಯ ಟಿಪ್ಪಣಿಗೂ ನಾಲ್ಕನೆಯದಕ್ಕೂ ನಡುವೆ ಇನ್ನೊಂದನ್ನು ನೆನಪಿಸಿಕೊಳ್ಳುತ್ತಿದ್ದರು. ಹಾಗಾದರೆ ನಾಲ್ಕು ಐದಾಗಬೇಕು, ಐದು ಆರಾಗಬೇಕು, ಕೊನೆಯವರೆಗೂ ಎಲ್ಲರೂ ಒಂದೊಂದು ಸೀಟು ಸರಿದು ಕೂರಬೇಕು. ರೈಟರು ಒಪ್ಪಲಿಲ್ಲ, ‘3ಅ’ ಎಂದು ಬರೆದರು. ಮರುದಿನ ‘3ಆ’. ‘3ಋ’ ಮುಟ್ಟುವ ಹೊತ್ತಿಗೆ ವರ್ಣಮಾಲೆ ಸಾಲುತ್ತದೋ ಇಲ್ಲವೋ ಎಂಬ ಭಯ ಹುಟ್ಟಿ, ಅಟ್ಟದ ಹುಡುಗನನ್ನು ಕೆಳಗೆ ಕರೆದರು.

‘ಮಾರ್ಕ್‌ಡೌನಲ್ಲಿ ಬರೀರಿ ಮಾರಾಯ್ರೇ’ ಎಂದ ಹುಡುಗ.

ಇದು ಹಗುರ ಗುರುತುಗಳ ಬರಹ. ಶೀರ್ಷಿಕೆಗೆ ಸಾಲಿನ ಮೊದಲು ಒಂದು #. ಒತ್ತು ಕೊಡಬೇಕಾದ ಪದದ ಎರಡು ಮಗ್ಗುಲಿಗೆ ಒಂದೊಂದು *. ಪಟ್ಟಿಗೆ ಸಾಲಿನ ಮೊದಲು ಸಣ್ಣ ಅಡ್ಡಗೆರೆ. 2004ರಲ್ಲಿ ಜಾನ್ ಗ್ರೂಬರ್ ಎಂಬ ಅಮೆರಿಕದವನು ಇದನ್ನು ಹೊರಗೆ ಬಿಟ್ಟ. ಅವನ ಜೊತೆ ಕೂತು ತಿದ್ದಿದವನು ಆರನ್ ಸ್ವಾರ್ಟ್ಜ್, ಆಗಿನ್ನೂ ಹದಿನೇಳರ ಹುಡುಗ. ಬರೆದದ್ದು ಬರೆದ ಹಾಗೆಯೇ ಮನುಷ್ಯನಿಗೆ ಓದಲು ಬರಬೇಕು, ಯಂತ್ರಕ್ಕೂ ಅರ್ಥವಾಗಬೇಕು ಎಂಬುದು ಅವರ ನೇಮ. ಸಂಸೆಗೆ ಇದು ಹೇಳಿ ಮಾಡಿಸಿದ್ದು. ಕಡತದಲ್ಲಿರುವುದು ಬರೀ ಅಕ್ಷರ, ಆದ್ದರಿಂದ ತೂಕವೇ ಇಲ್ಲ. ಗುಡ್ಡದ ಯಾವುದೋ ಒಂದು ತಿರುವಿನಲ್ಲಿ ಮಾತ್ರ ಸಿಗುವ ಒಂದು ಕಡ್ಡಿ ಸಿಗ್ನಲ್‌ನಲ್ಲೂ ದಾಟಿ ಹೋಗುತ್ತದೆ. ಆಷಾಢದಲ್ಲಿ ಕರೆಂಟು ಹೋದರೆ ಫೋನಿನಲ್ಲೇ ತೆರೆದು ತಿದ್ದಬಹುದು.

ಎಲ್ಲ ಸರಿ, ಒಂದೇ ಕೊರತೆ. ಗ್ರೂಬರ್ ಮಾಡಿದ ಮೂಲ ಮಾರ್ಕ್‌ಡೌನಿನಲ್ಲಿ ಅಡಿಟಿಪ್ಪಣಿಗೆ ಜಾಗವೇ ಇಲ್ಲ! ಮೇಷ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಹಾಗಾದ್ರೆ ಅವನಿಗೆ ನೆಂಟರಿಷ್ಟರು ಯಾರೂ ಇಲ್ವಾ?’

ಆ ಕೊರತೆಯನ್ನು ಬೇರೆಯವರು ತುಂಬಿದರು. ಫ್ಲೆಚರ್ ಪೆನ್ನಿಯ ಮಲ್ಟಿಮಾರ್ಕ್‌ಡೌನ್ ಬಂತು, ಮಿಶೆಲ್ ಫೋರ್ಟಿನ್‌ನ ಮಾರ್ಕ್‌ಡೌನ್ ಎಕ್ಸ್‌ಟ್ರಾ ಬಂತು, 2006ರಲ್ಲಿ ಜಾನ್ ಮ್ಯಾಕ್‌ಫರ್ಲೇನ್‌ನ ಪ್ಯಾನ್‌ಡಾಕ್ ಬಂತು, ಇಂಥ ಕಡತವನ್ನು ವೆಬ್ ಪುಟಕ್ಕೋ ಪಿಡಿಎಫ್‌ಗೋ ತಿರುಗಿಸಿ ಕೊಡುವ ಯಂತ್ರ. ಈ ಮ್ಯಾಕ್‌ಫರ್ಲೇನ್ ಬರ್ಕ್ಲಿಯಲ್ಲಿ ತತ್ವಶಾಸ್ತ್ರದ ಪ್ರೊಫೆಸರ್; ಟಿಪ್ಪಣಿಯಿಲ್ಲದೆ ಊಟವೂ ಸೇರದ ಜಾತಿ. ಎಲ್ಲರ ಮಾರ್ಕ್‌ಡೌನನ್ನು ಒಂದು ನೇರಕ್ಕೆ ತರಲು 2014ರಲ್ಲಿ ಹೊರಟ ಕಾಮನ್‌ಮಾರ್ಕ್ ನಿಯಮಾವಳಿಯಲ್ಲೂ ಅಡಿಟಿಪ್ಪಣಿ ಇಲ್ಲ. ಪ್ರಪಂಚದ ಪ್ರೋಗ್ರಾಮರುಗಳೆಲ್ಲ ಸೇರುವ ಗಿಟ್‌ಹಬ್ ಅದಕ್ಕೆ ಬಾಗಿಲು ತೆರೆದದ್ದು 2021ರಲ್ಲಿ. ಅಂದರೆ ಹದಿನೇಳು ವರ್ಷ. ನಮ್ಮಲ್ಲಿ ಅಷ್ಟರಲ್ಲಿ ಆ ಜೀಪಿನವನ ಮಗ ಪಿಯುಸಿಗೆ ಬಂದಿರುತ್ತಾನೆ.

ಮಾಡುವ ಕ್ರಮ ಸರಳ. ಟಿಪ್ಪಣಿ ಬೇಕಾದ ಪದದ ಬೆನ್ನಿಗೆ ಚೌಕ ಕಂಸದೊಳಗೆ ಒಂದು ಮೇಲ್ಮೊನೆ ಹಾಕಿ ಒಂದು ಹೆಸರು: [^ಚಹಾ]. ಆಮೇಲೆ ಕಡತದಲ್ಲಿ ಎಲ್ಲಿ ಬೇಕಾದರೂ ಹೊಸ ಸಾಲಿನಲ್ಲಿ [^ಚಹಾ]: ಎಂದು ಬರೆದು ವಿಷಯ. ಹೆಸರು ಕನ್ನಡದಲ್ಲಿದ್ದರೂ ಪ್ಯಾನ್‌ಡಾಕ್‌ಗೆ ತಕರಾರಿಲ್ಲ, ನಡುವೆ ಖಾಲಿ ಜಾಗ ಇರಬಾರದು ಅಷ್ಟೆ. ಸಂಖ್ಯೆ ಕೊಡುವ ಕೆಲಸ ಯಂತ್ರದ್ದು. ಪಠ್ಯದಲ್ಲಿ ಯಾವುದು ಮೊದಲು ಬರುತ್ತದೋ ಅದು ಒಂದು. ನಡುವೆ ಎಷ್ಟು ತುರುಕಿದರೂ ಉಳಿದವು ತಾವಾಗಿ ಸರಿದು ಕೂರುತ್ತವೆ. ಚಿಕ್ಕ ಮಾತಾದರೆ ಬೇರೆ ಸಾಲೂ ಬೇಡ, ವಾಕ್ಯದ ನಡುವೆಯೇ ^[ಹೀಗೆ] ಬರೆದರೆ ಪ್ಯಾನ್‌ಡಾಕ್ ಅದನ್ನು ಎತ್ತಿ ಕೆಳಗಿಡುತ್ತದೆ. ಇದನ್ನು ಕೇಳಿದ ರೈಟರು ಆ ಹುಡುಗನಿಗೆ ತಮ್ಮ ಪಾಲಿನ ಗೋಳಿಬಜೆ ದಾಟಿಸಿದರು.

ಆ ಮೇಲ್ಮೊನೆಯನ್ನು ಮೇಷ್ಟರು ಮಾತ್ರ ಬಹಳ ಹೊತ್ತು ನೋಡಿದರು. ‘ಇದು ನಮ್ಮ ಹಂಸಪಾದ ಅಲ್ವೇನೋ?’ ಓಲೆಗರಿಯಲ್ಲಿ ಕಂಠವೆಂಬ ಲೇಖನಿಯಿಂದ ಕೊರೆಯುವಾಗ ಅಕ್ಷರ ಬಿಟ್ಟುಹೋದರೆ ಲಿಪಿಕಾರ ಆ ಜಾಗದಲ್ಲಿ ಸಣ್ಣ ಗುರುತು ಹಾಕಿ, ಬಿಟ್ಟದ್ದನ್ನು ಅಂಚಿನಲ್ಲಿ ಬರೆಯುತ್ತಿದ್ದ. ಕೀಲಿಮಣೆಯಲ್ಲಿ ಆರರ ಮೇಲೆ ಕೂತಿರುವ ಈ ಗುರುತಿನ ಮೂಲ ಕೆಲಸವೂ ಅದೇ: ಇಲ್ಲಿ ಏನೋ ಸೇರಬೇಕು, ಹುಡುಕಿಕೊಳ್ಳಿ. ಮೇಷ್ಟರಿಗೆ ಅಂದಿನಿಂದ ಮಾರ್ಕ್‌ಡೌನಿನ ಮೇಲೆ ಕುಲಬಾಂಧವ್ಯ ಬೆಳೆಯಿತು. ಅಮೆರಿಕದವರು ನಮ್ಮದನ್ನೇ ಕದ್ದಿದ್ದಾರೆ ಎಂದು ಸಭೆಯಲ್ಲಿ ಠರಾವು ಮಾಡಿಸಲು ನೋಡಿದರು. ಖಜಾಂಚಿ ಖರ್ಚಿಲ್ಲದ ಠರಾವಾದ್ದರಿಂದ ಅನುಮೋದಿಸಿದರು.

ಆ ಗುರುತನ್ನು ಒತ್ತುವುದು ಮಾತ್ರ ಠರಾವಿನಷ್ಟು ಸುಲಭವಲ್ಲ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಚೌಕ ಕಂಸದ ಕೀಲಿ ಒತ್ತಿದರೆ ‘ಡ’ ಬೀಳುತ್ತದೆ, ಶಿಫ್ಟ್ ಹಿಡಿದು 6 ಒತ್ತಿದರೆ ‘ತ್ರ’. ರೈಟರ ಮೊದಲ ಕರಡಿನಲ್ಲಿ ಪ್ರತಿ ವಾಕ್ಯದ ಕೊನೆಗೂ ‘ಡತ್ರ’ ‘ಡತ್ರ’ ಎಂದಿತ್ತು. ಅದು ಯಾವುದೋ ಬೀಜಾಕ್ಷರ ಮಂತ್ರ ಇರಬೇಕೆಂದು ಖಜಾಂಚಿ ಕೈಮುಗಿದರಂತೆ. ಇಂಗ್ಲಿಷಿಗೆ ಹೋಗಿ, ಎರಡು ಗುರುತು ಒತ್ತಿ, ಕನ್ನಡಕ್ಕೆ ವಾಪಸು ಬಂದು ಹೆಸರು ಬರೆದು, ಮತ್ತೆ ಇಂಗ್ಲಿಷಿಗೆ ಹೋಗಿ ಕಂಸ ಮುಚ್ಚಬೇಕು. ಕಳಸದಿಂದ ಬಸ್ಸಿಳಿದು, ಕೊಡೆ ಮರೆತದ್ದು ನೆನಪಾಗಿ, ಮತ್ತೆ ಕಳಸಕ್ಕೆ ಹೋಗುವ ಕೆಲಸ.

ಇನ್ನು ಹಳೆಯ ಚಾಳಿ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಪುಸ್ತಕ ಓದಿದವರಿಗೆ ಟಿಪ್ಪಣಿ ಎಂದರೆ ನಕ್ಷತ್ರ. ಮೇಷ್ಟರು ಒಂದು ಪ್ಯಾರಾದಲ್ಲಿ ‘ಕಳಸ*ದ’ ಎಂದು ಒಂದು ಕಡೆ, ‘ಸಂಸೆ*ಯ’ ಎಂದು ಇನ್ನೊಂದು ಕಡೆ ನಕ್ಷತ್ರ ಇಟ್ಟರು. ಮಾರ್ಕ್‌ಡೌನಿಗೆ ನಕ್ಷತ್ರವೆಂದರೆ ಒತ್ತು. ಒಂದರಿಂದ ಇನ್ನೊಂದರವರೆಗಿನ ಮಾತೆಲ್ಲ ಬಲಕ್ಕೆ ವಾಲಿಕೊಂಡು ಬಂತು. ಕೆಳಗೆ ಸಾಲಿನ ಮೊದಲಿಗೆ ನಕ್ಷತ್ರ ಇಟ್ಟು, ಜಾಗ ಬಿಟ್ಟು ಬರೆದ ಟಿಪ್ಪಣಿ ದಿನಸಿ ಪಟ್ಟಿಯ ಗುಂಡು ಚುಕ್ಕೆಯಾಯಿತು. ‘ಅಕ್ಷರ ಯಾಕೋ ವಾಲ್ತಿದೆ’ ಎಂದು ಮೇಷ್ಟರು ಕುರ್ಚಿ ಸರಿಮಾಡಿಕೊಂಡರು.

ಗ್ರೂಬರನಿಗೆ ಕನಸಿನಲ್ಲೂ ಬಾರದ ತಾಪತ್ರಯ ಕನ್ನಡದಲ್ಲಿ ಇನ್ನೊಂದಿದೆ. ನಮ್ಮ ಪದಗಳಿಗೆ ಬಾಲ ಇದೆ. ಟಿಪ್ಪಣಿ ಬೇಕಾದದ್ದು ಕಳಸಕ್ಕೋ, ಕಳಸದಲ್ಲಿ ಆದದ್ದಕ್ಕೋ? ಊರಿನ ಬಗ್ಗೆ ಟಿಪ್ಪಣಿಯಾದರೆ ‘ಕಳಸ’ಕ್ಕೆ ಗುರುತು ಅಂಟಿಸಬೇಕು, ಆಗ ‘ದಲ್ಲಿ’ ಎಂಬ ಪ್ರತ್ಯಯ ಗುರುತಿನ ಆಚೆ ಅನಾಥವಾಗಿ ನಿಲ್ಲುತ್ತದೆ. ‘ಕಳಸದಲ್ಲಿ’ ಎಂದು ಪೂರ್ತಿ ಮುಗಿಸಿ ಗುರುತು ಹಾಕುವುದೇ ಮರ್ಯಾದೆ. ಆದರೆ ಇಸವಿಯ ವಿಷಯದಲ್ಲಿ ಇದೇ ಬಾಲ ನಮ್ಮ ಮಾನ ಕಾಯುತ್ತದೆ. 1901 ಎಂದು ಬರಿದೇ ಬಿಟ್ಟು ಅದರ ಹೆಗಲಿಗೆ ಎರಡನೆಯ ಟಿಪ್ಪಣಿ ಹಾಕಿದರೆ, 1901ರ ವರ್ಗ ಎಷ್ಟು ಎಂದು ಮಕ್ಕಳು ಗುಣಿಸಲು ಕೂರುತ್ತಾರೆ. ‘1901ರಲ್ಲಿ’ ಎಂದರೆ ಸಂಖ್ಯೆಗೂ ಸಂಖ್ಯೆಗೂ ನಡುವೆ ಒಂದು ವಿಭಕ್ತಿಯ ಬೇಲಿ.

1901 ಎಂದೆನಲ್ಲ, ಅದು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟ ಬಂದ ವರ್ಷ. ನಮ್ಮ ಸೀಮೆಯ ಶಾಸನಗಳು ಅದರಲ್ಲಿವೆ. ಹದಿಮೂರನೆಯ ಶತಮಾನದಲ್ಲಿ ಕಳಸವನ್ನು ರಾಣಿಯರು ಆಳಿದ್ದನ್ನು ಆ ಶಾಸನಗಳೇ ಹೇಳುತ್ತವೆ. ಜಾಕಲ ಮಹಾದೇವಿ ಅಂಥವಳೊಬ್ಬಳು. ಇದೊಂದಕ್ಕಾದರೂ ಸಲೀಸಾಗಿ ಆಧಾರ ಕೊಡಬಹುದು ಎಂದು ಮೇಷ್ಟರು ಹಿಗ್ಗಿದರು. ಕೊಡಲು ಹೋದರೆ ಸಂಪುಟದ ಹೆಸರು ‘ಕಡೂರು ಜಿಲ್ಲೆ’. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಅದೇ ಹೆಸರು, ಇದಕ್ಕೊಂದು ಟಿಪ್ಪಣಿ. ಕಳಸದ ಶಾಸನಗಳಿರುವುದು ಮೂಡಿಗೆರೆ ತಾಲ್ಲೂಕಿನ ಪಟ್ಟಿಯಲ್ಲಿ. ಈಗ ಕಳಸವೇ ತಾಲ್ಲೂಕು, ಇದಕ್ಕೊಂದು. ಮೈಸೂರಿನಿಂದ ಆಮೇಲೆ ಬಂದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳೇ ಬೇರೆ, ಇದಕ್ಕೊಂದು. ರಾಣಿಗೆ ಒಂದು ವಾಕ್ಯ, ರಾಣಿಯ ವಿಳಾಸಕ್ಕೆ ಮೂರು ಟಿಪ್ಪಣಿ. ದಾರಿ ಹೇಳುವ ಸಂಸೆಯವನನ್ನು ನೋಡಿ ನಾವು ಸುಮ್ಮನೆ ನಗಾಡುತ್ತೇವೆ; ವಿದ್ವಾಂಸರೂ ಅದೇ ಕೆಲಸ ಮಾಡುವುದು, ಅಕ್ಷರ ಸಣ್ಣದಾಗಿರುವುದರಿಂದ ಗೌರವ ಜಾಸ್ತಿ.

ರಾಣಿಯ ಬಗ್ಗೆ ಜಗಳಕ್ಕೆ ಯಾರೂ ಬರಲಿಲ್ಲ. ಜಗಳ ಬಂದದ್ದು ಚಹಾಕ್ಕೆ. ಕಾಫಿ ಸೀಮೆಯ ನಡುವೆ ಸಂಸೆಯ ಗುಡ್ಡಗಳ ಮೇಲೆ ಚಹಾ ಇದೆಯಲ್ಲ, ಕಾರು ನಿಲ್ಲಿಸಿ ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಜಾಗ, ಅಲ್ಲಿ ಮೊದಲ ಗಿಡ ನೆಡುವಾಗ ಗುಂಡಿ ತೋಡಿದವರು ಯಾರು? ಮೂರು ಮನೆಯವರು ಬಂದರು. ಮೂವರ ಆಧಾರವೂ ಒಂದೇ: ‘ನಮ್ಮಜ್ಜ ಹೇಳಿದ್ದು.’ ರೈಟರು ಮೂರಕ್ಕೂ [^ಅಜ್ಜ] ಎಂದೇ ಹೆಸರಿಟ್ಟರು. ಪ್ಯಾನ್‌ಡಾಕ್ ಎಚ್ಚರಿಕೆ ಕೊಟ್ಟಿತು: ಒಂದೇ ಹೆಸರಿನ ಟಿಪ್ಪಣಿ ಒಂದಕ್ಕಿಂತ ಹೆಚ್ಚಿದೆ. ಯಾವ ಅಜ್ಜ ಎಂದು ಈ ಊರಿನಲ್ಲಿ ಮೊದಲ ಬಾರಿಗೆ ಕೇಳಿದ್ದು ಆ ಯಂತ್ರವೇ.

ಅದಕ್ಕಿಂತ ಮಜಾ ಇನ್ನೊಂದು ಕಡೆ. ಮೇಷ್ಟರು ತಮ್ಮ ಫೋನಿನಲ್ಲಿ ಅಡಿಟಿಪ್ಪಣಿ ಅರಿಯದ ಯಾವುದೋ ಹಳೆ ಮಾರ್ಕ್‌ಡೌನ್ ಆ್ಯಪ್ ಹಾಕಿಕೊಂಡಿದ್ದರು. ಅಂಥದರಲ್ಲಿ ಟಿಪ್ಪಣಿಗೆ ಒಂದೇ ಪದ ಬರೆದರೆ ಅದು ಟಿಪ್ಪಣಿ ಎಂದು ತಿಳಿಯುವುದಿಲ್ಲ, ಕೊಂಡಿಯ ವಿಳಾಸ ಎಂದುಕೊಳ್ಳುತ್ತದೆ. ಒಂದು ಟಿಪ್ಪಣಿಯಲ್ಲಿ ‘ಅಜ್ಜ’ ಎಂದಷ್ಟೇ ಇತ್ತು. ಕೆಳಗಿನ ಸಾಲು ಮಾಯ. ಮೇಲಿನ ಗುರುತು ನೀಲಿ ಬಣ್ಣದ ಕೊಂಡಿಯಾಗಿ, ಒತ್ತಿದರೆ ‘ಅಜ್ಜ’ ಎಂಬ ವಿಳಾಸ ಹುಡುಕಿಕೊಂಡು ಹೊರಟಿತು. ಅಜ್ಜ ತೀರಿಕೊಂಡು ಎಷ್ಟೋ ಕಾಲವಾಗಿದೆ. ಪುಟ ಸಿಗಲಿಲ್ಲ ಎಂದು ಉತ್ತರ ಬಂತು.

ನಗುವುದಿರಲಿ, ಅಜ್ಜನನ್ನು ಆಧಾರವಾಗಿ ಒಪ್ಪಬೇಕೋ ಬೇಡವೋ ಎಂಬುದು ಸಣ್ಣ ಪ್ರಶ್ನೆಯೇನಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲೂ ಬರೆಯುವುದು ಇಂಥದೇ ಹಗುರ ಗುರುತುಗಳಲ್ಲಿ. ಅಲ್ಲಿ ‘ರೆಫ್’ ಎಂಬ ಜೋಡಿ ಗುರುತಿನ ನಡುವೆ ಆಧಾರ ಇಟ್ಟರೆ ಅದು ಲೇಖನದ ಬುಡದ ‘ಉಲ್ಲೇಖಗಳು’ ಭಾಗಕ್ಕೆ ಇಳಿಯುತ್ತದೆ. ಅಚ್ಚಾದದ್ದು ಬೇಕು, ಅಜ್ಜ ನಡೆಯುವುದಿಲ್ಲ. ಅಚ್ಚಾಗದ ಊರುಗಳು ಏನು ಮಾಡಬೇಕು ಎಂದು ಕೇಳಿದವರಲ್ಲಿ ಬೆಂಗಳೂರಿನ ಅಚಲ್ ಪ್ರಭಾಲ ಒಬ್ಬರು. 2011ರಲ್ಲಿ ಅವರೂ ಜೊತೆಗಾರರೂ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಯ ಜನರ ಮಾತನ್ನು ಧ್ವನಿಮುದ್ರಿಸಿ, ಆ ಧ್ವನಿಯನ್ನೇ ಆಧಾರವಾಗಿ ಕೊಟ್ಟು ನೋಡಿದರು. ಹುಡುಗ ಇದನ್ನು ಹೇಳಿದ್ದೇ ತಡ, ಉಳಿದಿರುವ ಹಿರಿಯರ ಮನೆಗೆಲ್ಲ ಫೋನ್ ಹಿಡಿದು ಹೋಗುವುದೆಂದು ತೀರ್ಮಾನವಾಯಿತು. ಯಾರು, ಯಾವ ಊರು, ಯಾರ ಮುಂದೆ, ಯಾವತ್ತು ಹೇಳಿದ್ದು, ಇಷ್ಟು ಬರೆದರೆ ‘ನಮ್ಮಜ್ಜ ಹೇಳಿದ್ದು’ ಕೂಡ ಟಿಪ್ಪಣಿಯೇ. ಓದುವವನು ಬೇಕಾದರೆ ಅಲ್ಲಿಯವರೆಗೆ ನಡೆದು ಹೋಗಿ ಕೇಳುವಂತಿರಬೇಕು, ಅಷ್ಟೇ ನಿಯಮ.

ನಡೆದು ಹೋಗಿ ಕೇಳಿದರೆ ಏನಾಗುತ್ತದೆ? ಟಿಪ್ಪಣಿಯೊಳಗೆ ಟಿಪ್ಪಣಿ ಹುಟ್ಟುತ್ತದೆ. ನಮ್ಮ ದೇಶಕ್ಕೆ ಇದು ಹೊಸದಲ್ಲ. ಪಕ್ಕದ ಶೃಂಗೇರಿಯಲ್ಲಿ ಕೇಳಿ: ಬ್ರಹ್ಮಸೂತ್ರಕ್ಕೆ ಶಂಕರರ ಭಾಷ್ಯ, ಭಾಷ್ಯಕ್ಕೆ ವಾಚಸ್ಪತಿ ಮಿಶ್ರರ ಭಾಮತೀ, ಭಾಮತಿಗೆ ಅಮಲಾನಂದರ ಕಲ್ಪತರು, ಕಲ್ಪತರುವಿಗೆ ಅಪ್ಪಯ್ಯ ದೀಕ್ಷಿತರ ಪರಿಮಳ. ಪ್ಯಾನ್‌ಡಾಕ್ ಇಷ್ಟು ಆಳಕ್ಕೆ ಇಳಿಯುವುದಿಲ್ಲ. ಟಿಪ್ಪಣಿಯೊಳಗೆ ಇನ್ನೊಂದು ಟಿಪ್ಪಣಿಯ ಗುರುತು ಇಟ್ಟರೆ ಅದನ್ನು ಬಿಡಿಸದೆ, ಕಂಸ ಮೊನೆ ಸಮೇತ ಹಾಗೇ ಬಿಡುತ್ತದೆ. ಕಾರಣ, ಒಂದರೊಳಗೊಂದು ಕರೆಯುತ್ತಾ ಹೋದರೆ ಯಂತ್ರ ಕೊನೆಯಿಲ್ಲದ ಸುತ್ತಿಗೆ ಬೀಳಬಹುದೆಂಬ ಹೆದರಿಕೆ. ಬರ್ಕ್ಲಿಯಲ್ಲಿ ಕೂತವರು ಸಂಸೆಯ ಬಸ್ ಸ್ಟ್ಯಾಂಡನ್ನು ಇಷ್ಟು ಕರಾರುವಾಕ್ಕಾಗಿ ಹೇಗೆ ಊಹಿಸಿದರೋ. ಆದರೆ ಟಿಪ್ಪಣಿ ಉದ್ದವಾಗಲು ಅಡ್ಡಿಯಿಲ್ಲ. ಎರಡನೆಯ ಪ್ಯಾರಾದ ಮೊದಲು ನಾಲ್ಕು ಜಾಗ ಬಿಟ್ಟರೆ ಅದೂ ಅದೇ ಟಿಪ್ಪಣಿಯ ಒಕ್ಕಲು. ಮೇಷ್ಟರು ನಾಲ್ಕು ಜಾಗ ಬಿಡುತ್ತಾ ಬಿಡುತ್ತಾ ಒಂದು ಟಿಪ್ಪಣಿಯನ್ನು ಎರಡು ಪುಟಕ್ಕೆ ಎಳೆದಾಗ ರೈಟರು ಪೆನ್ನು ಕೆಳಗಿಟ್ಟರು. ‘ಮೇಷ್ಟ್ರೇ, ಗಿಡಕ್ಕೆ ಕಂಬಚಿಗುರು ಬಿಟ್ಟ ಹಾಗೆ ಆಯ್ತು ಇದು. ಕೈ ಹಾಕಿ ತೆಗೀದಿದ್ರೆ ಕಾಫಿ ಹಿಡಿಯಲ್ಲ.’

ತೆಗೆಯುವ ಉಪಾಯವನ್ನೂ ಅವರೇ ಕಂಡುಕೊಂಡರು, ಮತ್ತು ನನ್ನ ಪ್ರಕಾರ ಇಡೀ ವಿದ್ಯೆಯಲ್ಲಿ ಹಳ್ಳಿಗೆ ತಕ್ಕದ್ದು ಇದೊಂದೇ. ಕೆಳಗೆ ಟಿಪ್ಪಣಿ ಬರೆದಿಟ್ಟು ಮೇಲೆ ಅದರ ಗುರುತನ್ನು ಇಡದಿದ್ದರೆ, ಪ್ಯಾನ್‌ಡಾಕ್ ಒಂದು ಎಚ್ಚರಿಕೆ ಗೊಣಗಿ ಅದನ್ನು ಅಚ್ಚಿಗೆ ಕಳಿಸದೆ ಬಿಡುತ್ತದೆ. ಟಿಪ್ಪಣಿ ಕಡತದಲ್ಲಿ ಇರುತ್ತದೆ, ಪುಸ್ತಕದಲ್ಲಿ ಇರುವುದಿಲ್ಲ. ಬೇಲಿ ಜಗಳ, ಓಡಿಹೋದ ಮದುವೆ, ಯಾರು ಯಾರ ಹೆಬ್ಬೆಟ್ಟು ಒತ್ತಿಸಿಕೊಂಡರು ಎಂಬ ಸಂಗತಿಗಳೆಲ್ಲ ಈಗ ಆ ಕಡತದಲ್ಲಿ ಗುರುತಿಲ್ಲದೆ ಕೂತಿವೆ. ಹೇಳಿದವರಿಗೆ ‘ಬರ್ದಿದೀವಿ’ ಎನ್ನಬಹುದು, ಕೇಳಿದವರಿಗೆ ‘ಎಲ್ಲಿದೆ ತೋರ್ಸಿ’ ಎನ್ನಬಹುದು. ಎರಡೂ ಸುಳ್ಳಲ್ಲ. ಐವತ್ತು ವರ್ಷ ಕಳೆದು ಸಂಬಂಧಪಟ್ಟವರೆಲ್ಲ ತಣ್ಣಗಾದ ಮೇಲೆ ಯಾರಾದರೂ ಮೇಲೆ ಒಂದು ಹಂಸಪಾದ ಇಟ್ಟರೆ ಸಾಕು.

ಹೀಗೆ ಬರೆಯುತ್ತಾ ಹೋದಂತೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮೇಲಿನ ಪಠ್ಯ ಯಾವ ಊರಿನದಾದರೂ ಆಗಬಹುದಿತ್ತು: ಪ್ರಕೃತಿ ರಮಣೀಯ, ಜನ ಸಾತ್ವಿಕರು, ಶಾಲೆ ಆಯಿತು, ರಸ್ತೆ ಬಂತು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು ಎಂಬುದು ಮೇಲಿದೆ, ಅದು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಆ ಮೇಲೆ ಊರಿನ ಹೋಟೆಲಿನಲ್ಲಿ ಬೆಳಗಿನ ಇಡ್ಲಿ ಎಷ್ಟು ಕಡಿಮೆಯಾಯಿತು ಎಂಬುದು ಟಿಪ್ಪಣಿಯಲ್ಲಿದೆ, ಅದು ಬೇರೆ ಯಾವ ಪುಸ್ತಕದಲ್ಲೂ ಇಲ್ಲ. ಮೇಲಿದ್ದರೆ ಅದು ಕತೆಯ ಕಾಲಿಗೆ ತೊಡರುತ್ತಿತ್ತು, ರೈಟರು ಮೊದಲ ದಿನವೇ ಹೊಡೆದು ಹಾಕುತ್ತಿದ್ದರು. ಎರಡು ಕಂಸ, ಒಂದು ಮೊನೆಯ ಖರ್ಚಿನಲ್ಲಿ ಅದು ಉಳಿಯಿತು. ಮೇಷ್ಟರು ಆಧಾರಕ್ಕೆಂದು ಕೇಳಿದ ಜಾಗದಲ್ಲಿ ಪಟ್ಟಾಂಗ ಬಂದು ಕೂತಿತು, ಮತ್ತು ಆ ಪುಸ್ತಕದಲ್ಲಿ ಓದಿಸಿಕೊಳ್ಳುವ ಭಾಗ ಅದೊಂದೇ. ಇದನ್ನು ಮೇಷ್ಟರ ಎದುರು ಹೇಳುವ ಧೈರ್ಯ ಯಾರಿಗೂ ಇಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೊನೆಯ ಜಗಳ ಟಿಪ್ಪಣಿಗಳನ್ನು ಎಲ್ಲಿಡಬೇಕು ಎಂಬುದು. ಪುಟದ ಬುಡದಲ್ಲೇ ಬೇಕು ಎಂದರು ಮೇಷ್ಟರು. ಎಡ್ವರ್ಡ್ ಗಿಬ್ಬನ್ ರೋಮ್ ಸಾಮ್ರಾಜ್ಯದ ಅವನತಿಯ ಚರಿತ್ರೆಯ ಮೊದಲ ಸಂಪುಟವನ್ನು 1776ರಲ್ಲಿ ತಂದಾಗ ಟಿಪ್ಪಣಿಗಳನ್ನೆಲ್ಲ ಪುಸ್ತಕದ ಕೊನೆಗೆ ತಳ್ಳಿದ್ದ. ಅದನ್ನು ಓದಿದ ಡೇವಿಡ್ ಹ್ಯೂಮ್ ಹಿಂದೆ ಮುಂದೆ ಹಾಳೆ ತಿರುವಿ ಸಾಕಾಗಿ, ತಾನು ಸಾಯುವ ಕೆಲವೇ ತಿಂಗಳ ಮುಂಚೆ ಪ್ರಕಾಶಕನಿಗೆ ಕಾಗದ ಬರೆದು, ಇವನ್ನು ಪುಟದ ಅಂಚಿಗೋ ಬುಡಕ್ಕೋ ತನ್ನಿ ಎಂದ. ಆಮೇಲಿನ ಮುದ್ರಣದಲ್ಲಿ ಬುಡಕ್ಕೆ ಬಂದವು. ‘ಸಾಯೋ ಮನುಷ್ಯ ಕೇಳ್ಕೊಂಡಿದ್ದು’ ಎಂದು ಮೇಷ್ಟರು ಗದ್ಗದಿತರಾದರು.

ಖಜಾಂಚಿ ಕರಗಲಿಲ್ಲ. ಸ್ಮರಣ ಸಂಚಿಕೆಯಲ್ಲಿ ಪುಟದ ಬುಡ ಎಂದರೆ ಮಾರಾಟದ ಜಾಗ. ‘ಶುಭ ಕೋರುವವರು’ ಎಂದು ಒಂದು ಸಾಲು, ಕೆಳಗೆ ಗೊಬ್ಬರದ ಅಂಗಡಿ, ಏಲಕ್ಕಿ ವ್ಯಾಪಾರ, ಹೋಂಸ್ಟೇ, ಜೀಪು ಬಾಡಿಗೆ. ಕನ್ನಡದ ಸ್ಮರಣ ಸಂಚಿಕೆಗಳಿಗೆ ಅನ್ನ ಹಾಕಿದ್ದು ಈ ಅಡಿ, ಟಿಪ್ಪಣಿಯಲ್ಲ. ‘ಬುಡ ಎಲ್ಲಾ ಬುಕ್ ಆಗಿದೆ. ಆ ಹ್ಯೂಮ್ ಅನ್ನೋರು ಎಷ್ಟು ಜಾಹೀರಾತು ತಂದಿದ್ರು?’

ಹುಡುಗ ನಡುವೆ ಬಂದ. ಕಡತ ಒಂದೇ ಇರಲಿ, ಅದನ್ನು ಮುಟ್ಟುವುದೂ ಬೇಡ. ವೆಬ್ ಪುಟಕ್ಕೆ ಕಳಿಸಿದರೆ ಟಿಪ್ಪಣಿಗಳೆಲ್ಲ ಕೊನೆಯಲ್ಲಿ ಸಾಲಾಗಿ ಕೂರುತ್ತವೆ, ಒಂದೊಂದರ ಪಕ್ಕದಲ್ಲೂ ಬಂದ ಜಾಗಕ್ಕೆ ಮರಳುವ ಬಾಣದ ಗುರುತು ಸಮೇತ. ಅದೇ ಕಡತವನ್ನು ಪಿಡಿಎಫ್‌ಗೆ ಕಳಿಸಿದರೆ ಆಯಾ ಪುಟದ ಬುಡಕ್ಕೇ ಇಳಿಯುತ್ತವೆ. ಅಚ್ಚಿಗೆ ಮೊದಲಿನ ಕ್ರಮ, ಬುಡದಲ್ಲಿ ಜಾಹೀರಾತು. ಫೋನಿಗೆ ಹಂಚಲು ಎರಡನೆಯದು, ಬುಡದಲ್ಲಿ ಟಿಪ್ಪಣಿ. ಹ್ಯೂಮನ ಆತ್ಮಕ್ಕೂ ಶಾಂತಿ, ಗೊಬ್ಬರದ ಅಂಗಡಿಗೂ ಶಾಂತಿ.

ಮೇಷ್ಟರು ಒಪ್ಪಿದರು. ರೈಟರು ಮತ್ತೆ ಬರೆಯಬೇಕಾಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಪ್ಪಿದರು. ಖಜಾಂಚಿ ಮಾತ್ರ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದವರು ಕೊನೆಗೆ ತಲೆಯೆತ್ತಿದರು.

‘ಅಂದ್ರೆ ಪುಸ್ತಕ ಎರಡಾಯ್ತು. ಹಾಗಾದ್ರೆ ಜಾಹೀರಾತಿನವರ ಹತ್ರ ಎರಡು ಸಲ ಕೇಳ್ಬಹುದಲ್ಲ?’